ಹತ್ತು ಪಾಲಿನ ಕುದುರೆ

ಉಪ್ಪಲ್ ಎಂದು ವಿಳಾಸ ಬರೆದು ಊರಿಗೆ ಕಾಗದ ಹಾಕಿದರೆ ಮಂಗಳೂರು ಕಡೆಯ ನಮ್ಮ ನೆಂಟರು ಅದನ್ನು ಉಪ್ಪಳವೆಂದೇ ಓದಿಕೊಳ್ಳುವುದುಂಟು. ಕಾಸರಗೋಡಿನ ದಾರಿಯಲ್ಲಿ ಇಷ್ಟು ಹತ್ತಿರವಿದ್ದೂ ಮದುವೆಗೆ ಬರಲಿಲ್ಲವಲ್ಲ ಎಂದು ಅಜ್ಜಿಯೊಬ್ಬರು ಮುನಿಸಿಕೊಂಡದ್ದೂ ಇದೆ. ಮಂಜೇಶ್ವರದ ಪಕ್ಕದ ಆ ಉಪ್ಪಳ ಬೇರೆ. ಹೈದರಾಬಾದಿನ ಮೂಡಣ ಅಂಚಿನಲ್ಲಿ, ವರಂಗಲ್ ಹೆದ್ದಾರಿಯ ಮೇಲಿರುವ ನಮ್ಮ ಉಪ್ಪಲ್ ಬೇರೆ. ಹೊರಗಿನವರಿಗೆ ಈ ಹೆಸರು ಪರಿಚಯವಾದದ್ದು ಕ್ರಿಕೆಟ್ಟಿನ ದೆಸೆಯಿಂದ. 2005ರಲ್ಲಿ ಇಲ್ಲಿಯ ಮೈದಾನದಲ್ಲಿ ಅಂತರರಾಷ್ಟ್ರೀಯ ಪಂದ್ಯಗಳು ಮೊದಲಾದವು. 2017ರ ನವೆಂಬರಿನಲ್ಲಿ ಮೆಟ್ರೋ ರೈಲು ಬಂತು. 2023ರಲ್ಲಿ ನಾಲ್ಕು ರಸ್ತೆ ಕೂಡುವ ಕಡೆ ಜನ ನಡೆದಾಡಲು ಬಳೆಯಾಕಾರದ ಮೇಲ್ಸೇತುವೆಯೂ ಆಯಿತು. ಇಷ್ಟು ಬಿಟ್ಟರೆ ಊರಿನಿಂದ ಬಂದವರಿಗೆ ತೋರಿಸಲು ಉಪ್ಪಲಿನಲ್ಲಿ ಹೆಚ್ಚೇನೂ ಇಲ್ಲವೆಂದು ನಾವೇ ಬಹುಕಾಲ ನಂಬಿದ್ದೆವು.

ಆದರೆ ಮಳೆ ತೊಳೆದ ದಿನ ಮಹಡಿ ಹತ್ತಿ ನಿಂತರೆ, ದೂರದಲ್ಲಿ ಮೌಲಾ ಅಲಿಯ ಬೋಳುಬಂಡೆಯ ಗುಡ್ಡ ಆನೆ ಮಲಗಿದಂತೆ ಕಾಣುತ್ತದೆ. ಅದರ ನೆತ್ತಿಯ ಮೇಲಿನ ದರ್ಗಾ ಕುತುಬ್‌ಶಾಹಿಗಳ ಕಾಲದ್ದು. ಆ ಮೌಲಾ ಅಲಿಯಲ್ಲೇ 1868ರಲ್ಲಿ ಐದನೆಯ ನಿಜಾಮ ಅಫ್ಜಲುದ್ದೌಲಾ ಹೈದರಾಬಾದಿನ ಮೊದಲ ಕುದುರೆ ಪಂದ್ಯಗಳನ್ನು ಏರ್ಪಡಿಸಿದನೆಂದು ಹೇಳಿದರೆ ನಮ್ಮ ಮಕ್ಕಳು ನಂಬಲಾರರು. ಈಗ ಅಲ್ಲಿ ರೈಲ್ವೆ ಹಳಿ, ಗೋದಾಮು, ಬಡಾವಣೆಗಳೇ ಹೊರತು ಕುದುರೆಯ ಗೊರಸಿನ ಗುರುತಿಲ್ಲ. 1886ರಲ್ಲಿ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಓಟವನ್ನು ಮಲಕ್‌ಪೇಟೆಗೆ, ತನ್ನ ಮಹಬೂಬ್ ಮ್ಯಾನ್ಷನ್ ಅರಮನೆಯ ಹತ್ತಿರಕ್ಕೆ, ಎಬ್ಬಿಸಿಕೊಂಡು ಹೋದ. ಅರಸನಿಗೆ ಆಟ ನೋಡಲು ಗಾಡಿ ಕಟ್ಟಿಸಿಕೊಂಡು ದೂರ ಬರುವ ಬೇಸರವಾಗಿರಬೇಕು; ಅರಸನ ಬೇಸರಕ್ಕೆ ಊರೇ ಜಾಗ ಬದಲಾಯಿಸುತ್ತದೆ. ಈಗಿನ ಹೈದರಾಬಾದ್ ರೇಸ್ ಕ್ಲಬ್ 1961ರಲ್ಲಿ ಸ್ಥಾಪನೆಯಾಯಿತು. ಮಳೆಗಾಲದ ಓಟಗಳು ಜುಲೈಯಿಂದ ಅಕ್ಟೋಬರಿನವರೆಗೆ, ಚಳಿಗಾಲದವು ನವೆಂಬರಿನಿಂದ ಮುಂದಕ್ಕೆ. ಡೆಕ್ಕನ್ ಡರ್ಬಿ ಮಳೆಗಾಲದ್ದು, ಗೋಲ್ಕೊಂಡಾ ಡರ್ಬಿ ಚಳಿಗಾಲದ್ದು. ಗೋಲ್ಕೊಂಡಾ ಡರ್ಬಿ 2400 ಮೀಟರ್ ಓಟ.

ಜೂಜಿನ ವಿಷಯವನ್ನು ಈ ಗೃಹಪತ್ರಿಕೆಯಲ್ಲಿ ಬರೆಯುವುದೆ ಎಂದು ಹುಬ್ಬೇರಿಸುವ ವಾಚಕರಿಗೆ ಒಂದು ಮಾತು. ಬೆಂಗಳೂರಿನಲ್ಲಿ ರೇಸಿಗೆ ಹೋಗಿ ಮನೆ ಮಾರಿಕೊಂಡವರ ಕಥೆ ನಮ್ಮೆಲ್ಲರ ಮನೆತನದಲ್ಲೂ ಒಂದೊಂದಿದೆ. ಕುದುರೆ ಓಟ ಬರಿಯ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಹೇಳಿದೆ. ಆದರೂ 2025ರ ಸೆಪ್ಟೆಂಬರಿನಿಂದ ಸರಕಾರ ಅದರ ಪಣದ ಮೇಲೆ ಶೇಕಡ 40ರ ತೆರಿಗೆಯನ್ನು ಹೇರಿ ಅದನ್ನು ಕ್ಯಾಸಿನೋ, ಲಾಟರಿಗಳ ಪಂಕ್ತಿಯಲ್ಲೇ ಕೂರಿಸಿದೆ. ಯಾರ ಮಾತು ಸರಿಯೆಂಬುದು ದೊಡ್ಡವರ ವ್ಯವಹಾರ. ನಾವು ಹೋದದ್ದು ಪಣ ಕಟ್ಟುವುದಕ್ಕಲ್ಲ, ಕಾಲು ನೊಂದ ಒಂದು ಹೆಣ್ಣು ಕುದುರೆಯನ್ನು ನೋಡುವುದಕ್ಕೆ.

ಉಪ್ಪಲ್, ರಾಮಂತಾಪುರ, ಹಬ್ಸಿಗುಡಗಳಲ್ಲಿ ಚದುರಿಕೊಂಡಿರುವ ನಾವು ಕೆಲವು ಕನ್ನಡ ಮನೆಯವರು ತಿಂಗಳಿಗೊಂದು ಭಾನುವಾರ ಒಂದೆಡೆ ಸೇರುತ್ತೇವೆ. ಅವಲಕ್ಕಿ, ಕಾಫಿ, ಸ್ವಲ್ಪ ಹಾಡು, ಸಾಕಷ್ಟು ಹರಟೆ. ನಮ್ಮ ಬಳಗದಲ್ಲಿ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿದ್ದಾರೆ, ರಾಯಚೂರು ಕಡೆಯವರು. ಮೂರು ವರ್ಷದ ಹಿಂದೆ ಅವರು ತಮ್ಮ ಹಳೆಯ ಶಿಷ್ಯನೊಬ್ಬನ ಒತ್ತಾಯಕ್ಕೆ ಒಂದು ಸಿಂಡಿಕೇಟಿನಲ್ಲಿ ಹತ್ತನೆಯ ಒಂದು ಪಾಲನ್ನು ತೆಗೆದುಕೊಂಡರು. ಸಿಂಡಿಕೇಟೆಂದರೆ ಹೆದರಬೇಕಾಗಿಲ್ಲ. ಒಂದು ಕುದುರೆಯನ್ನು ಒಬ್ಬನೇ ಕೊಂಡು ಸಾಕಲಾರದ ಹತ್ತು ಜನ ಕೂಡಿ ಕೊಳ್ಳುವುದು, ಕೂಡಿ ಖರ್ಚು ಹಾಕುವುದು, ಬಹುಮಾನ ಬಂದರೆ ಹಂಚಿಕೊಳ್ಳುವುದು. ನಮ್ಮ ಹಳ್ಳಿಗಳಲ್ಲಿ ಕರುವನ್ನು ಪಾಲಿಗೆ ಕೊಡುವುದಿಲ್ಲವೆ? ಕರು ಒಬ್ಬನದು, ಮೇವು ಮತ್ತೊಬ್ಬನದು. ದೊಡ್ಡದಾದ ಮೇಲೆ ಬೆಲೆ ಕಟ್ಟಿ ಇಬ್ಬರಿಗೂ ಅರ್ಧ. ಅದೇ ಪದ್ಧತಿ ಇಲ್ಲಿ ಕೋಟು ಹಾಕಿಕೊಂಡು ಕುರ್ಚಿಯ ಮೇಲೆ ಕುಳಿತಿದೆ, ಅಷ್ಟೆ. ಪಾಲುದಾರರ ಹೆಸರು ಕ್ಲಬ್ಬಿನಲ್ಲಿ ದಾಖಲಾಗಬೇಕು; ಕುದುರೆಯ ವಂಶಾವಳಿ ಪುಣೆಯಲ್ಲಿರುವ ವಂಶಪುಸ್ತಕದ ಕಚೇರಿಯಲ್ಲಿ ಬರೆದಿರಬೇಕು. ನಮ್ಮಲ್ಲಿ ಮುತ್ತಜ್ಜನ ಹೆಸರು ತಿಳಿಯದವರು ಎಷ್ಟೋ ಮಂದಿ. ಥರೋಬ್ರೆಡ್ ಕುದುರೆಗಾದರೋ ಗಂಡು ಸಂತತಿಯ ಎಳೆಯನ್ನು ಹಿಡಿದು ಹೋದರೆ ಸುಮಾರು ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿಗೆ ಹೋದ ಮೂರು ಪೌರ್ವಾತ್ಯ ಕುದುರೆಗಳಲ್ಲಿ ಒಂದಕ್ಕೆ ಮುಟ್ಟುತ್ತದೆ.

ಮೇಷ್ಟ್ರು ಪಾಲು ಕೊಂಡ ಸುದ್ದಿ ಬಂದಾಗ ನಮ್ಮ ಪೈಕಿ ಹೆಂಗಸರು ಅವರಿಗೆ ಎರಡು ತಿಂಗಳು ಸರಿಯಾಗಿ ಕಾಫಿ ಕೊಡಲಿಲ್ಲ. ಆಮೇಲೆ ಮನಸ್ಸು ಬದಲಾಯಿಸಿದ್ದು ಕುದುರೆಯೇ. ತರಬೇತುದಾರರ ಕಚೇರಿಯಿಂದ ಪಾಲುದಾರರಿಗೆ ತಿಂಗಳಿಗೊಮ್ಮೆ ಮೊಬೈಲಿನಲ್ಲಿ ಒಂದು ವರದಿ ಬರುತ್ತದೆ: ಮೈತೂಕ ಎಷ್ಟು, ದಾಣಿ ಪೂರ್ತಿ ತಿನ್ನುತ್ತಿದೆಯೆ, ಎಷ್ಟು ದೂರ ಓಡಿಸಿದರು, ಹಲ್ಲು ಅರೆದರೆ, ಲಾಳ ಬದಲಾಯಿಸಿದರೆ, ಹುಳುವಿನ ಮದ್ದು ಹಾಕಿದರೆ, ಇತ್ಯಾದಿ. ಮೇಷ್ಟ್ರು ಅದನ್ನು ಭಾನುವಾರದ ಕೂಟದಲ್ಲಿ ಗಟ್ಟಿಯಾಗಿ ಓದುತ್ತಾರೆ. ಚೌಕದ ಹಾಳೆಯ ಮೇಲೆ ತೂಕದ ಗೆರೆಯನ್ನೂ ಎಳೆದಿಟ್ಟಿದ್ದಾರೆ. ಬಾಣಂತಿಯ ಮನೆಯಿಂದ ಬಂದ ಕಾಗದವನ್ನು ಕೇಳುವ ಆಸ್ಥೆಯಿಂದ ನಾವೆಲ್ಲ ಕೇಳುವ ಅಭ್ಯಾಸವಾಯಿತು. ಓಟದ ಪುಸ್ತಕದಲ್ಲಿ ಅವಳಿಗೊಂದು ಇಂಗ್ಲಿಷ್ ಹೆಸರಿದೆ. ಲಾಯದಲ್ಲಿ ಅವಳು ಗೌರಿ. ನಮ್ಮ ಮನೆಗಳಲ್ಲೂ ಗೌರಿ.

ಗೌರಿ ಎರಡು ಓಟ ಗೆದ್ದಳು. ಗೆದ್ದರೆ ಮೇಲಕ್ಕೆತ್ತುವುದಷ್ಟೇ ಅಲ್ಲ, ಬೆನ್ನ ಮೇಲೆ ಹೇರುವುದೂ ಈ ಆಟದ ಕ್ರಮ. ಪ್ರತಿ ಕುದುರೆಗೂ ಅಂಕ ಕಟ್ಟಿರುತ್ತಾರೆ. ಗೆದ್ದರೆ ಅಂಕ ಏರುತ್ತದೆ, ಒಂದು ಅಂಕಕ್ಕೆ ಅರ್ಧ ಕಿಲೋ ಲೆಕ್ಕದಲ್ಲಿ ಮುಂದಿನ ಸಲ ಹೊರುವ ಭಾರ ಏರುತ್ತದೆ. ಎಲ್ಲ ಕುದುರೆಗಳಿಗೂ ಸಮಾನ ಅವಕಾಶವಿರಲೆಂದು ಇದು. ಗಂಡಸರು ಕಚೇರಿಯಲ್ಲಿ ಇದೇ ಕ್ರಮ ನಡೆಯುತ್ತದೆಂದರು, ಹೆಂಗಸರು ಅಡಿಗೆಮನೆಯಲ್ಲಿ ಎಂದರು. ಹೀಗಿರುವಾಗ ಹೋದ ವರ್ಷ ದಸರೆಯ ಹೊತ್ತಿಗೆ ವರದಿಯಲ್ಲಿ ಎರಡೇ ಸಾಲು ಬಂತು: ಎಡ ಮುಂಗಾಲಿನ ಸ್ನಾಯುರಜ್ಜು ಎಳೆದಿದೆ, ಸದ್ಯಕ್ಕೆ ಓಟವಿಲ್ಲ. ಮೇಷ್ಟ್ರು ಅದನ್ನು ಓದಿ ಕನ್ನಡಕ ತೆಗೆದಿಟ್ಟರು. ಆ ಭಾನುವಾರ ಯಾರೂ ಹಾಡಲಿಲ್ಲ.

ಹತ್ತು ತಿಂಗಳು ಕಳೆದ ಮೇಲೆ, ಈ ಶ್ರಾವಣದಲ್ಲಿ, ಅವಳನ್ನು ಮೊದಲ ಸಲ ನಡಿಗೆಯಿಂದ ದುಡುಕಿಯೋಟಕ್ಕೆ ಬಿಡುತ್ತಾರೆಂದು ತಿಳಿದುಬಂತು. ಅಂದೇ ಪಾಲುದಾರರ ಸಭೆಯೂ ಇತ್ತು. ಮೇಷ್ಟ್ರು ಮುಂಚಿತವಾಗಿ ಅನುಮತಿ ಪಡೆದು ನಮ್ಮಲ್ಲಿ ಆರು ಮಂದಿಯನ್ನೂ ಎರಡು ಮಕ್ಕಳನ್ನೂ ಕರೆದುಕೊಂಡು ಹೋಗಲು ಒಪ್ಪಿದರು.

ಕುದುರೆಯ ಕೆಲಸ ಬೆಳಗಾಗುವ ಮುಂಚೆಯೇ ಮೊದಲಾಗುವುದರಿಂದ ಮೆಟ್ರೋ ಸಿಕ್ಕುವುದಿಲ್ಲ. ನಾಲ್ಕೂವರೆಗೇ ಎರಡು ಆಟೋ ಮಾಡಿಕೊಂಡು ರಾಮಂತಾಪುರ, ಅಂಬರ್‌ಪೇಟೆಗಳ ಮೇಲೆ ಹೊರಟೆವು. ತುಂತುರು ಮಳೆ. ಮೂಸಿ ನದಿಯನ್ನು ದಾಟಿದರೆ ಮೂಸಾರಾಂಬಾಗ್. ಈ ಹೆಸರು ಯಾವ ರಾಮನದೂ ಅಲ್ಲ. ನಿಜಾಮ್ ಅಲಿ ಖಾನನ ಸೈನ್ಯ ಕಟ್ಟಿದ ಫ್ರೆಂಚ್ ಸೇನಾನಿ ರೇಮಂಡನನ್ನು ಜನ ಮೂಸಾ ರಾಮು ಮಾಡಿಕೊಂಡರು. 1798ರಲ್ಲಿ ಸತ್ತ ಆತನ ಸಮಾಧಿ ಇಲ್ಲೇ ಸಮೀಪದ ದಿಣ್ಣೆಯ ಮೇಲಿದೆ. ಅಷ್ಟರಲ್ಲಿ ಮಲಕ್‌ಪೇಟೆ ಬಂತು. ಸುತ್ತ ನಾಲ್ಕಂತಸ್ತಿನ ಮನೆ, ಆಸ್ಪತ್ರೆ, ಅಂಗಡಿ, ತಲೆಯ ಮೇಲೆ ಮೆಟ್ರೋ ಕಂಬ. ನಡುವೆ ಇಷ್ಟು ದೊಡ್ಡ ಹಸಿರು ಬಯಲು ಇನ್ನೂ ಉಳಿದಿದೆಯೆಂಬುದೇ ಆಶ್ಚರ್ಯ.

ಲಾಯಗಳ ಕಡೆ ಹೆಜ್ಜೆಯಿಡುತ್ತಲೇ ವಾಸನೆ ಎದುರುಗೊಂಡಿತು. ಅದು ದನದ ಕೊಟ್ಟಿಗೆಯದಲ್ಲ. ಒಣಹುಲ್ಲು, ಬೆವರು, ಚರ್ಮದ ಜೀನು, ಯಾವುದೋ ತೈಲ, ಎಲ್ಲ ಕೂಡಿದ ಒಂದು ಬೆಚ್ಚನೆಯ ವಾಸನೆ. ಸಾಲಾಗಿ ಅರ್ಧಬಾಗಿಲುಗಳು; ಒಂದೊಂದರ ಮೇಲೂ ಒಂದೊಂದು ಉದ್ದನೆಯ ಮುಖ ಹೊರಚಾಚಿ, ಬಂದವರು ಯಾರೆಂದು ವಿಚಾರಿಸುವಂತಿತ್ತು. ಗೌರಿಯ ಬಾಗಿಲಲ್ಲಿ ಕುಳ್ಳಗಿನ ಮಧ್ಯವಯಸ್ಸಿನ ಸೈಸನೊಬ್ಬ ಗೊರಸು ಕೆರೆಯುತ್ತ ಕುಳಿತಿದ್ದ. ನಾವು ನಮ್ಮಲ್ಲೇ ಆಡಿಕೊಂಡ ಮಾತು ಕಿವಿಗೆ ಬಿದ್ದು ತಟ್ಟನೆ ತಲೆಯೆತ್ತಿದ.

"ಯಾವೂರ್ರೀ ಸಾಹೇಬ್ರ ನಿಮ್ದು? ಕನ್ನಡ ಕೇಳಿ ಭಾಳ ದಿನ ಆಗಿತ್ತು ನೋಡ್ರಿ."

ಅವನು ಯಾದಗಿರಿ ಕಡೆಯವನು. ಹುಡುಗನಾಗಿದ್ದಾಗ ಕಟ್ಟಡದ ಕೆಲಸಕ್ಕೆಂದು ತಂದೆಯ ಜೊತೆ ಹೈದರಾಬಾದಿಗೆ ಬಂದು, ಕಲ್ಲು ಹೊರುವುದಕ್ಕಿಂತ ಕುದುರೆ ತಿಕ್ಕುವುದು ವಾಸಿಯೆಂದು ಲಾಯ ಸೇರಿದನಂತೆ. ನಮ್ಮ ಹುಡುಗ ಉತ್ಸಾಹದಿಂದ ಕುದುರೆಯ ಹಿಂದಕ್ಕೆ ಹೋಗತೊಡಗಿದಾಗ ಸೈಸ ಕೈ ಅಡ್ಡ ಮಾಡಿದ: "ಹಿಂದ ನಿಂದ್ರಬ್ಯಾಡ ತಮ್ಮಾ, ಆಕಿಗಿ ಕಾಣಂಗಿಲ್ಲ. ಬಾಜೂ ಬಂದು ನಿಂದ್ರು. ಮೊದ್ಲ ಮಾತಾಡ್ಸು, ಆಮ್ಯಾಲ ಮುಟ್ಟು."

ಇದು ನಿಜ. ಕುದುರೆಗೆ ಎರಡು ಪಕ್ಕವೂ ಕಾಣುತ್ತದೆ, ನೇರ ಹಿಂಭಾಗ ಕಾಣುವುದಿಲ್ಲ. ಕಾಣದ್ದಕ್ಕೆ ಅದು ಒದೆಯುತ್ತದೆ. ಗೌರಿ ಕೆಂಗಂದು ಬಣ್ಣದವಳು. ಹಣೆಯಲ್ಲಿ ಅಕ್ಕಿಯ ಬಟ್ಟಿನಂತೆ ಒಂದು ಬಿಳಿ ಮಚ್ಚೆ. ನಮ್ಮ ಹೆಂಗಸರಲ್ಲೊಬ್ಬರು ಸೆರಗಿನಿಂದ ಬೆಲ್ಲದ ಚೂರು ತೆಗೆದರು. ಸೈಸ ತೆಗೆದುಕೊಂಡು ನೋಡಿ, ನಯವಾಗಿ ಹಿಂತಿರುಗಿ ಕೊಟ್ಟ. ಹೊರಗಿನ ತಿಂಡಿ ಲಾಯದಲ್ಲಿ ನಿಷಿದ್ಧ. ಓಡಿದ ಕುದುರೆಗಳ ರಕ್ತ, ಮೂತ್ರಗಳನ್ನು ಪರೀಕ್ಷೆಗೆ ಕಳಿಸುತ್ತಾರೆ. ಕೊಡಬಾರದ್ದೇನಾದರೂ ಸಿಕ್ಕಿದರೆ ತರಬೇತುದಾರರ ತಲೆಗೆ ಬರುತ್ತದೆ. ಅದೂ ಅಲ್ಲದೆ ಕುದುರೆಯ ಹೊಟ್ಟೆ ಬಹು ಸೂಕ್ಷ್ಮ. ನಾಲ್ಕೈದು ಕ್ವಿಂಟಲ್ ತೂಗುವ ದೇಹಕ್ಕೆ ಜಠರ ಮಾತ್ರ ಚಿಕ್ಕದು. ಒಮ್ಮೆಗೆ ಹೆಚ್ಚು ತಿನ್ನಬಾರದು, ತಿಂದದ್ದನ್ನು ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಶೂಲೆ ಬಂದರೆ ಹೊರಳಾಡಿ ಕರುಳು ತಿರುಚಿಕೊಂಡು ಸಾಯುವುದೂ ಉಂಟು. ಆದುದರಿಂದ ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪವಾಗಿ ದಾಣಿ: ಓಟ್ಸು, ಜವೆ, ಗೋಧಿಯ ಬೂಸ, ಒಣಹುಲ್ಲು, ಜೊತೆಗೆ ಹಸಿಯ ಲೂಸರ್ನ್ ಸೊಪ್ಪು. ಈ ಸೊಪ್ಪಿಗೆ ನಮ್ಮ ರೈತರು ಕುದುರೆಮೆಂತ್ಯ ಎಂಬ ಒಳ್ಳೆಯ ಹೆಸರಿಟ್ಟಿದ್ದಾರೆ. ಹುರುಳಿಯ ಮಾತೇನೆಂದು ಕೇಳಿದೆವು. ಸೈಸ ನಕ್ಕ. ಹುರುಳಿ ಬೇಯಿಸಿ ತಿನ್ನಿಸುತ್ತಿದ್ದದ್ದು ಜಟಕಾದ ಕುದುರೆಗಳಿಗಂತೆ.

"ರಾತ್ರಿ ದಾಣಿ ಪೂರಾ ತಿಂದಾಳ್ರಿ. ಒಂದ್ ಕಾಳ್ ಬಿಟ್ಟಿಲ್ಲ," ಎಂದು ಅವನು ಮೇಷ್ಟ್ರಿಗೆ ವರದಿ ಒಪ್ಪಿಸಿದ. ತಿಂಗಳ ವರದಿಯಲ್ಲಿ ಬರುವ ಸಾಲುಗಳ ಮೂಲ ಎಲ್ಲಿದೆಯೆಂದು ನಮಗೆ ಆಗ ತಿಳಿಯಿತು. ದಾಣಿಯ ತೊಟ್ಟಿಯ ತಳವನ್ನು ದಿನಾ ಬೆಳಗ್ಗೆ ಮುಟ್ಟಿ ನೋಡುವ ಕೈ ಇದು. ಕುದುರೆ ದಿನಕ್ಕೆ ಮೂರು ಗಂಟೆಯಷ್ಟೇ ನಿದ್ರೆ ಮಾಡುತ್ತದೆ. ಬಹುಪಾಲು ನಿಂತೇ ತೂಕಡಿಸುತ್ತದೆ. ಗಾಢನಿದ್ರೆಗೆ ಮಲಗಲೇಬೇಕು, ಭಯವಿದ್ದರೆ ಮಲಗುವುದಿಲ್ಲ. ಗೌರಿ ಕಾಲು ನೊಂದ ಮೊದಲ ವಾರ ಮಲಗಲೇ ಇಲ್ಲವಂತೆ. ಬಾಗಿಲ ಹೊರಗೆ ಇವನು ಗೋಣಿ ಹಾಸಿಕೊಂಡು ಮಲಗಿದ ಮೇಲೆ ಎಂಟನೆಯ ದಿನ ಮಲಗಿದಳು. ಇದು ಯಾವ ವರದಿಯಲ್ಲೂ ಬಂದಿರಲಿಲ್ಲ.

ಈ ಮಾತು ಕೇಳುತ್ತಿರುವಾಗ ನಮ್ಮ ನೆನಪು ಬಹಳ ಹಿಂದಕ್ಕೆ ಹೋಯಿತು. ನಮ್ಮ ದಖ್ಖನಿನ ಅರಸರು ಕುದುರೆಗೆ ಸುರಿದಷ್ಟು ಹೊನ್ನನ್ನು ಬೇರೆ ಯಾವ ಪ್ರಾಣಿಗೂ ಸುರಿದಿರಲಾರರು. ವಿಜಯನಗರದ ಅರಸ ವರ್ಷಕ್ಕೆ ಹದಿಮೂರು ಸಾವಿರ ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಅದಕ್ಕೂ ಹಿಂದೆ ಸಾಳುವ ನರಸಿಂಹನಂತೂ ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಇಷ್ಟು ದುಬಾರಿಯ ಪ್ರಾಣಿ ಇಲ್ಲಿಗೆ ಬಂದ ಮೇಲೆ ಹೇಗೆ ಬಾಳುತ್ತಿತ್ತು? ಹದಿಮೂರನೆಯ ಶತಮಾನದಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೋ ಹೇಳುವ ಪ್ರಕಾರ, ಹಡಗುಗಟ್ಟಲೆ ಬಂದ ಕುದುರೆಗಳು ಆರೈಕೆ ಬಲ್ಲವರಿಲ್ಲದೆ, ಬೇಯಿಸಿದ ಅನ್ನ, ಮಾಂಸಗಳನ್ನು ತಿಂದು ವರ್ಷದೊಳಗೆ ಬಹುಪಾಲು ಸಾಯುತ್ತಿದ್ದವು. ಕೊಳ್ಳುವುದಕ್ಕೆ ಹಣವಿತ್ತು, ಸಾಕುವುದಕ್ಕೆ ತಿಳಿವಳಿಕೆಯಿರಲಿಲ್ಲ. ಎಲ್ಲೆಡೆಯೂ ಹಾಗಿರಲಿಲ್ಲವೆನ್ನಿ. ಹೈದರಾಬಾದಿನಿಂದ ಮುಂಬಯಿ ಹೆದ್ದಾರಿ ಹಿಡಿದರೆ ನಾಲ್ಕು ಗಂಟೆಯೊಳಗೆ ಸಿಕ್ಕುವ ಬಸವಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲೇ ತನ್ನ 'ಮಾನಸೋಲ್ಲಾಸ'ದಲ್ಲಿ ಕುದುರೆಗಳ ಲಕ್ಷಣವನ್ನೂ, ಕುದುರೆಯೇರಿ ಚೆಂಡಾಡುವ ವಿನೋದವನ್ನೂ ವಿಸ್ತಾರವಾಗಿ ಬರೆದ. ಸುಮಾರು 1400ರಲ್ಲಿ ಅಭಿನವಚಂದ್ರನೆಂಬುವನು ಕನ್ನಡದಲ್ಲೇ 'ಅಶ್ವವೈದ್ಯ'ವನ್ನು ರಚಿಸಿದ. ಕಾಲು ನೊಂದ ಕುದುರೆಯ ಬಗ್ಗೆ ಕನ್ನಡದಲ್ಲಿ ಮಾತಾಡಿಕೊಂಡ ಮೊದಲಿಗರು ಆ ಬೆಳಗ್ಗೆ ಮಲಕ್‌ಪೇಟೆಯಲ್ಲಿ ನಿಂತಿದ್ದ ನಾವಂತೂ ಅಲ್ಲ.

ತರಬೇತುದಾರರು ಬಂದರು. ಮಿತಭಾಷಿ. ಗೌರಿಯ ಮುಂಗಾಲನ್ನು ಎತ್ತಿ, ಹಿಂಬದಿಯಲ್ಲಿ ಹೆಬ್ಬೆರಳನ್ನು ಮೇಲಿನಿಂದ ಕೆಳಕ್ಕೆ ಎಳೆದು ನೋಡಿದರು. ಕುದುರೆಯ ಮೊಣಕಾಲಿನಿಂದ ಕೆಳಗೆ ಮಾಂಸಖಂಡವೆಂಬುದೇ ಇಲ್ಲ. ಮೂಳೆ, ಚರ್ಮ, ಹಗ್ಗದಂತಹ ರಜ್ಜುಗಳು, ಇಷ್ಟೇ. ನಾಗಾಲೋಟದಲ್ಲಿ ಪ್ರತಿ ನೆಗೆತದಲ್ಲೂ ಒಂದು ಕ್ಷಣ ಇಡೀ ದೇಹ ಒಂದೇ ಮುಂಗಾಲಿನ ಮೇಲೆ ನಿಲ್ಲುತ್ತದೆ. ಆಗ ಆ ಕಾಲು ಹೊರುವುದು ದೇಹದ ತೂಕದ ಎರಡರಷ್ಟಕ್ಕೂ ಹೆಚ್ಚು. ಗಂಟೆಗೆ 60 ಕಿಲೋಮೀಟರಿಗೂ ಮೀರಿದ ವೇಗ. ಉಸಿರು ಮೂಗಿನಿಂದ ಮಾತ್ರ, ನೆಗೆತಕ್ಕೊಂದು ಉಸಿರು. ವಿಶ್ರಾಂತಿಯಲ್ಲಿ ನಿಮಿಷಕ್ಕೆ ನಲವತ್ತರೊಳಗಿರುವ ನಾಡಿ ಓಟದಲ್ಲಿ 200 ದಾಟುತ್ತದೆ. ಇಷ್ಟೆಲ್ಲ ಯಂತ್ರಸಾಮರ್ಥ್ಯಕ್ಕೆ ಆಧಾರ ನಮ್ಮ ಹೆಬ್ಬೆರಳಿನ ದಪ್ಪದ ಒಂದು ರಜ್ಜು. ಅದರ ಎಳೆಗಳು ಹರಿದರೆ ಕೂಡಿಕೊಳ್ಳಲು ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು. ಕೂಡಿಕೊಂಡರೂ ಮೊದಲಿನ ಜಗ್ಗುವ ಗುಣ ಪೂರ್ತಿಯಾಗಿ ಬರುವುದಿಲ್ಲ. ಮೊದಲು ತಣ್ಣೀರು, ಮಂಜುಗಡ್ಡೆ, ಪಟ್ಟಿ, ಲಾಯದೊಳಗೆ ವಿಶ್ರಾಂತಿ. ಆಮೇಲೆ ಕೈಹಿಡಿದು ನಡೆಸುವುದು: ಹತ್ತು ನಿಮಿಷ, ಇಪ್ಪತ್ತು ನಿಮಿಷ, ಒಂದು ಗಂಟೆ. ನಡುನಡುವೆ ಶಬ್ದತರಂಗದ ಯಂತ್ರದಿಂದ ಒಳಗಿನ ಎಳೆಗಳ ಚಿತ್ರ ತೆಗೆದು ನೋಡುವುದು. ಅವಸರ ಮಾಡಿದರೆ ಮತ್ತೆ ಅದೇ ಜಾಗದಲ್ಲಿ ಹರಿಯುತ್ತದೆ.

ಸವಾರನೊಬ್ಬ ಹತ್ತಿ ಕುಳಿತ. ಗೌರಿ ಮರಳಿನ ಹಾದಿಯಲ್ಲಿ ಮೊದಲು ನಡೆದಳು; ಅನಂತರ, ತರಬೇತುದಾರರು ಕೈ ಮಾಡಿದ ಕೂಡಲೆ, ದುಡುಕಿಯೋಟಕ್ಕೆ ಬಿದ್ದಳು. ನಮಗೆ ಕುದುರೆಯ ನಡೆ ತಿಳಿಯದು. ಆದುದರಿಂದ ನಾವು ಅವಳನ್ನು ನೋಡಲಿಲ್ಲ, ಸೈಸನ ಮುಖವನ್ನೇ ನೋಡುತ್ತಿದ್ದೆವು. ಅವನ ತುಟಿ ಅಲುಗುತ್ತಿತ್ತು. ಹೆಜ್ಜೆಗಳನ್ನು ಎಣಿಸುತ್ತಿದ್ದನೋ ದೇವರನ್ನು ನೆನೆಯುತ್ತಿದ್ದನೋ. ಮೇಷ್ಟ್ರು ಮಾತ್ರ ಕಣ್ಣು ಮುಚ್ಚಿಕೊಂಡಿದ್ದರು. ತಾಳ ತಪ್ಪಿದರೆ ಕಿವಿಗೆ ಮೊದಲು ತಿಳಿಯುತ್ತದಂತೆ. ತಾಳ ತಪ್ಪಲಿಲ್ಲ. ನಾಲ್ಕು ನಿಮಿಷ. ನಿಲ್ಲಿಸಿದರು. ತರಬೇತುದಾರರು ಮತ್ತೆ ಕಾಲು ಮುಟ್ಟಿ, ಬಿಸಿಯಿಲ್ಲ, ನಾಳೆ ಬೆಳಗ್ಗೆ ಮತ್ತೆ ನೋಡಬೇಕು ಎಂದರು. ಓಡುತ್ತಾಳೆಯೆ ಎಂದು ನಾವು ಕೇಳಿದ್ದಕ್ಕೆ, ಚಳಿಗಾಲದ ಕೊನೆಯವರೆಗೂ ಆ ಪ್ರಶ್ನೆ ಬೇಡವೆಂದರು. ಇಂಥ ಉತ್ತರ ಕೊಡುವ ವೈದ್ಯರನ್ನು ನಾವು ನಂಬುತ್ತೇವೆ.

ಸಭೆ ನಡೆದದ್ದು ಹೊರಗಿನ ಒಂದು ಇರಾನಿ ಚಹಾದ ಹೋಟೆಲಿನಲ್ಲಿ. ಹತ್ತು ಪಾಲುದಾರರಲ್ಲಿ ಒಂಬತ್ತು ಜನ ಬಂದಿದ್ದರು: ಒಬ್ಬ ದಂತವೈದ್ಯರು, ಮಿಠಾಯಿ ಅಂಗಡಿಯ ಅಣ್ಣತಮ್ಮಂದಿರು, ಬ್ಯಾಂಕಿನ ಒಬ್ಬ ಅಧಿಕಾರಿಣಿ, ಮೇಷ್ಟ್ರ ಶಿಷ್ಯ, ಹೀಗೆ. ಹತ್ತನೆಯವರು ದುಬೈಯಲ್ಲಿದ್ದರು. ಮಾತು ತೆಲುಗು, ದಖ್ಖನಿ, ಇಂಗ್ಲಿಷ್ ಮೂರರಲ್ಲೂ ಸಾಗಿತು. ಹತ್ತು ತಿಂಗಳು ಕುದುರೆ ಒಂದು ಕಾಸು ತಂದಿಲ್ಲ, ಖರ್ಚು ಮಾತ್ರ ತಿಂಗಳು ತಪ್ಪದೆ ಬರುತ್ತಿದೆ. ಅಣ್ಣತಮ್ಮಂದಿರ ಅಭಿಪ್ರಾಯ ಸ್ಪಷ್ಟವಾಗಿತ್ತು: ಕಾಲು ಸುಧಾರಿಸುತ್ತಿದೆಯೆಂಬ ಸುದ್ದಿ ಇರುವಾಗಲೇ ಕೊಟ್ಟುಬಿಡುವುದು ಜಾಣತನ. ಅವರು ಕಟುಕರೇನೂ ಅಲ್ಲ. ದೊಡ್ಡವರು ಹೇಳಿದ ಮಾತಿನಲ್ಲಿ ನ್ಯಾಯವಿತ್ತು: "ಹಸು ಬತ್ತಿದರೆ ಹಿತ್ತಿಲಲ್ಲಿ ಕಟ್ಟಿಕೊಳ್ಳಬಹುದು. ಇದನ್ನು ಫ್ಲಾಟಿನ ನಾಲ್ಕನೆಯ ಅಂತಸ್ತಿಗೆ ಹತ್ತಿಸುತ್ತೀರಾ ಮಾಸ್ಟರ್‌ಗಾರೂ?"

ಕೊಟ್ಟರೆ ಎಲ್ಲಿಗೆ ಹೋಗುತ್ತಾಳೆ? ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಮೂರು ಸುತ್ತು ಚಹಾ ಮುಗಿಯಿತು. ಒಳ್ಳೆಯ ವಂಶದ, ದೊಡ್ಡ ಪಂದ್ಯ ಗೆದ್ದ ಹೆಣ್ಣು ಕುದುರೆಗಳು ತಳಿ ಸಾಕಣೆಯ ತೋಟಗಳಿಗೆ ಹೋಗುತ್ತವೆ. ಟಿಪ್ಪುವಿನ ಕಾಲದಿಂದ ಕುದುರೆಗೆ ಹೆಸರಾದ ನಮ್ಮ ಕುಣಿಗಲಿನ ತೋಟ ಎಂಥದೆಂದು ಬೆಂಗಳೂರು ಮಂಗಳೂರು ದಾರಿಯಲ್ಲಿ ಓಡಾಡಿದವರೆಲ್ಲ ಬಲ್ಲರು. ಎರಡೇ ಓಟ ಗೆದ್ದವಳಿಗೆ ಅಲ್ಲಿಯ ಬಾಗಿಲು ಸುಲಭವಾಗಿ ತೆರೆಯಲಾರದು. ಕೆಲವು ಕುದುರೆಗಳು ಸವಾರಿ ಕಲಿಸುವ ಶಾಲೆಗಳಿಗೆ, ಕೆಲವು ಪೊಲೀಸರ ಅಶ್ವದಳಗಳಿಗೆ ಸೇರುತ್ತವೆ. ಮೈಸೂರಿನ ದಸರೆಯ ಮೆರವಣಿಗೆಯಲ್ಲಿ ನಾವು ಮೆಚ್ಚಿ ನೋಡುವ ಅಶ್ವಾರೋಹಿ ದಳದಂಥದಕ್ಕೆ ಸೇರಿದರೆ ಅದು ಪುಣ್ಯವೇ ಸರಿ. ಕೆಲವು ಮದುವೆ ಮೆರವಣಿಗೆಯ ಬ್ಯಾಂಡಿನವರ ಕೈಗೆ ಬೀಳುತ್ತವೆ. ಹಾವಿನ ವಿಷಕ್ಕೆ ಕೊಡುವ ಮದ್ದು ತಯಾರಾಗುವುದು ಕುದುರೆಯ ರಕ್ತದಿಂದ. ಕೆಲವು ಆ ಕೆಲಸಕ್ಕೂ ಹೋಗುತ್ತವೆ. ಕೈಯಿಂದ ಕೈಗೆ ಮಾರಾಟವಾಗುತ್ತ ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದವೂ ಇವೆ. ಥರೋಬ್ರೆಡ್ ಕುದುರೆ ಇಪ್ಪತ್ತೈದು ವರ್ಷ ಬದುಕಬಲ್ಲದು. ಓಡುವುದು ಹೆಚ್ಚೆಂದರೆ ಐದಾರು ವರ್ಷ. ಉಳಿದ ಇಪ್ಪತ್ತು ವರ್ಷದ ಲೆಕ್ಕವನ್ನು ಯಾವ ಓಟದ ಪುಸ್ತಕವೂ ಬರೆದಿಡುವುದಿಲ್ಲ.

ಬ್ಯಾಂಕಿನ ಅಧಿಕಾರಿಣಿ ತಮ್ಮ ಚೀಲದಿಂದ ಸಿಂಡಿಕೇಟಿನ ಕರಾರುಪತ್ರ ತೆಗೆದು ಮೇಜಿನ ಮೇಲಿಟ್ಟರು. ಒಟ್ಟು ಹದಿನಾಲ್ಕು ಕಲಮು. ಯಾರು ಎಷ್ಟು ಹಾಕಬೇಕು, ಬಹುಮಾನದಲ್ಲಿ ತರಬೇತುದಾರ, ಸವಾರ, ಲಾಯದ ಆಳುಗಳ ಪಾಲು ಕಳೆದು ಹಂಚಿಕೆ ಹೇಗೆ, ಕಂತು ತಪ್ಪಿದರೇನು, ಪಾಲುದಾರ ಸತ್ತರೇನು, ಎಲ್ಲವೂ ಇತ್ತು. ಕುದುರೆ ಓಡುವುದನ್ನು ನಿಲ್ಲಿಸಿದರೇನು ಎಂಬುದು ಮಾತ್ರ ಇರಲಿಲ್ಲ. ಹತ್ತು ಜನರೂ ಓದಿ ಸಹಿ ಮಾಡಿದ ಕಾಗದ. ಹತ್ತು ಜನರಿಗೂ ಅದು ಹೊಳೆದಿರಲಿಲ್ಲ. ಪಾಲಿಗೆ ಕೊಟ್ಟ ಕರುವಿಗೆ ಕಾಗದವೇ ಇರುವುದಿಲ್ಲ, ನಿಜ. ಆದರೆ ಅಲ್ಲಿ ಸಾಕುವವನು ಕರುವಿನ ಕೊರಳ ಹಗ್ಗ ಹಿಡಿದಿರುತ್ತಾನೆ, ಅವನಿಗೂ ಒಂದು ಪಾಲಿರುತ್ತದೆ. ಇಲ್ಲಿ ಹಗ್ಗ ಹಿಡಿದವನಿಗೆ ಪಾಲಿಲ್ಲ, ಪಾಲಿದ್ದವರಿಗೆ ಹಗ್ಗ ಹಿಡಿಯಲು ಬರುವುದಿಲ್ಲ.

ಅಷ್ಟು ಹೊತ್ತು ಸುಮ್ಮನಿದ್ದ ಮೇಷ್ಟ್ರು ಕೇಳಿದರು: "ಹತ್ತನೆಯ ಒಂದು ಪಾಲು ನನ್ನದು, ಒಪ್ಪಿದೆ. ಯಾವ ಒಂದು? ಗೆದ್ದ ದಿನ ಯಾರೂ ಕೇಳಲಿಲ್ಲ. ಈಗ ಹೇಳಿ, ನೊಂದ ಕಾಲು ಯಾರ ಪಾಲಿಗೆ ಬಂತು?" ದಂತವೈದ್ಯರು ನಕ್ಕರು. ಮಿಠಾಯಿ ಅಂಗಡಿಯ ತಮ್ಮ ನಗಲಿಲ್ಲ. ಎದ್ದು ಹೋಗಿ, ಲಾಯದ ಕಡೆಯಿಂದ ಚಹಾಕ್ಕೆ ಬಂದಿದ್ದ ಸೈಸನನ್ನೇ ಕರೆದುಕೊಂಡು ಬಂದ. ನೀನೇನು ಹೇಳುತ್ತೀ ಎಂದು ಹಿಂದಿಯಲ್ಲಿ ಕೇಳಿದ. ಸೈಸ ಹಿಂದಿಯಲ್ಲಿ ತಡವರಿಸಿ, ಆಮೇಲೆ ಮೇಷ್ಟ್ರ ಕಡೆ ತಿರುಗಿ ಕನ್ನಡದಲ್ಲೇ ಹೇಳಿಬಿಟ್ಟ:

"ಕಾಗದ ನನಗ ತಿಳಿಯಂಗಿಲ್ರಿ. ನೀವು ಇಟ್ಕೋರಿ, ಕೊಡ್ರಿ, ಅದು ನಿಮ್ದು. ಆಕಿ ಎಲ್ಲಿಗಿ ಹೋಗ್ತಾಳ ಅಂಬೋದು ಮೊದ್ಲ ಹೇಳ್ರಿ ಅಷ್ಟ. ಹೋಗಿ ಒಂದ್ ಸಲ ನೋಡಿ ಬರ್ತೀನಿ."

ಮೇಷ್ಟ್ರು ಅದನ್ನು ತೆಲುಗಿಗೆ ತಿರುಗಿಸಿದರು. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅನಂತರ ಬ್ಯಾಂಕಿನವರು ಲೇಖನಿ ತೆಗೆದು ಕರಾರುಪತ್ರದ ಕೊನೆಯಲ್ಲಿ ಹದಿನೈದನೆಯ ಕಲಮನ್ನು ಕೈಬರಹದಲ್ಲೇ ಬರೆಯತೊಡಗಿದರು. ತಿಂಗಳ ಕಂತಿನ ಜೊತೆಗೆ ಪ್ರತಿಯೊಬ್ಬರೂ ಒಂದು ಚಿಕ್ಕ ಮೊತ್ತವನ್ನು ಬೇರೆ ಖಾತೆಗೆ ಹಾಕುವುದು. ಮುಂದೆ ಬಹುಮಾನ ಬಂದರೆ ಅದರಲ್ಲೂ ಒಂದು ಭಾಗ ಅದಕ್ಕೇ. ಓಟ ನಿಂತ ಮೇಲೆ ಅವಳ ಹೊಟ್ಟೆಬಟ್ಟೆಗೆ ಆ ಹಣ. ಯಾರಿಗೆ ಕೊಟ್ಟರೂ, ಕೊಡುವ ಮೊದಲು ಇಬ್ಬರು ಪಾಲುದಾರರೂ ಸೈಸನೂ ಹೋಗಿ ಜಾಗ ನೋಡಿಕೊಂಡು ಬರಬೇಕು, ಪ್ರಯಾಣದ ವೆಚ್ಚ ಸಿಂಡಿಕೇಟಿನದು. ಹೊಟ್ಟೆಬಟ್ಟೆ ಎಂಬ ಮಾತಿಗೆ ಇಂಗ್ಲಿಷಿನಲ್ಲಿ ಏನು ಬರೆಯುವುದೆಂದು ಕೆಲಕಾಲ ಚರ್ಚೆಯಾಯಿತು. ಚಳಿಗಾಲದ ಕೊನೆಯವರೆಗೆ ಮಾರುವ ಮಾತೆತ್ತಬಾರದೆಂದು ಮೇಷ್ಟ್ರು ಇನ್ನೊಂದು ಸಾಲು ಸೇರಿಸಿದರು. ಅಣ್ಣತಮ್ಮಂದಿರಲ್ಲಿ ತಮ್ಮ ಮೊದಲು ಸಹಿ ಹಾಕಿದ. ಅಣ್ಣ ಲೆಕ್ಕ ಹಾಕಿ ನೋಡಿ, ಗೊಣಗಿ, ಕೊನೆಗೆ ಹಾಕಿದರು. ಹಾಕುವಾಗ, ವರ್ಷಕ್ಕೊಮ್ಮೆ ಈ ಮೊತ್ತವನ್ನು ಮರುವಿಚಾರ ಮಾಡತಕ್ಕದ್ದು ಎಂದು ತಮ್ಮ ಕೈಯಿಂದಲೇ ಸೇರಿಸಿದರು. ವ್ಯಾಪಾರಸ್ಥರ ಕಣ್ಣು ಬೇಕೇ ಬೇಕು. ಹೃದಯದಿಂದ ಮಾತ್ರ ನಡೆದ ಧರ್ಮಕಾರ್ಯಗಳು ಮೂರನೆಯ ವರ್ಷಕ್ಕೆ ಮುಗಿದದ್ದನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಹಿಂತಿರುಗುವಾಗ ಮಕ್ಕಳ ಹಟಕ್ಕೆ ಮೆಟ್ರೋ ಹಿಡಿದೆವು. ಮಲಕ್‌ಪೇಟೆಯಲ್ಲಿ ಹತ್ತಿ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಲ್ಲಿ ಒಮ್ಮೆ, ಪರೇಡ್ ಮೈದಾನದಲ್ಲಿ ಒಮ್ಮೆ ಗಾಡಿ ಬದಲಾಯಿಸಿದರೆ ಉಪ್ಪಲ್. ಸುತ್ತುದಾರಿ, ಆದರೆ ಊರು ಕಾಣುತ್ತದೆ. ಬೆಲ್ಲದ ಚೂರನ್ನು ಮಕ್ಕಳೇ ಹಂಚಿಕೊಂಡರು. ಮೇಷ್ಟ್ರು ದಾರಿಯುದ್ದಕ್ಕೂ ಮಾತಾಡದೆ ಚೌಕದ ಹಾಳೆಯಲ್ಲಿ ಏನನ್ನೋ ಗುರುತಿಸುತ್ತಿದ್ದರು. ಇಣುಕಿ ನೋಡಿದೆವು. ತೂಕದ ಗೆರೆಯ ಕೆಳಗೆ ಇನ್ನೊಂದು ಗೆರೆ ಮೊದಲಾಗಿತ್ತು; ಅದರ ಮೊದಲ ಚುಕ್ಕೆಯ ಪಕ್ಕದಲ್ಲಿ 'ದುಡುಕಿ, 4 ನಿಮಿಷ' ಎಂದು ಬರೆದಿದ್ದರು.

ಮರುದಿನ ಬೆಳಗ್ಗೆ ಕಾಲಿನಲ್ಲಿ ಬಿಸಿಯಿರಲಿಲ್ಲವೆಂದು ಸುದ್ದಿ ಬಂತು. ವಾರ ಕಳೆದು ಆರು ನಿಮಿಷವಾಯಿತು. ಹದಿನೈದನೆಯ ಕಲಮಿಗೆ ಒಂಬತ್ತು ಸಹಿಗಳಾಗಿವೆ. ಹತ್ತನೆಯವರಿಗೆ ಕಾಗದದ ಚಿತ್ರವನ್ನು ದುಬೈಗೆ ಕಳಿಸಿದ್ದಾರೆ. ಅವರು ಓದಿದ್ದಾರೆಂಬುದಕ್ಕೆ ಮೊಬೈಲಿನಲ್ಲಿ ಗುರುತು ಬಿದ್ದಿದೆ. ಈ ಸಂಚಿಕೆ ಅಚ್ಚಿಗೆ ಹೋಗುವವರೆಗೆ ಉತ್ತರ ಬಂದಿರಲಿಲ್ಲ.